ಸದ್ದು ಮಾಡಿದ ಕಲ್ಲು, ಸದ್ದಿಲ್ಲದ ಧೂಳು

ಕೇಳುಗರಿಗೆ ನಮಸ್ಕಾರ.

ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ಅಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಅಲ್ವಾ? ಎಷ್ಟು ಚಿನ್ನ ಸಿಕ್ಕಿತು? ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್. ಸರಿ, ಆ ಪ್ರಶ್ನೆ ಮುಗಿಯಿತು. ನನಗೆ ಇವತ್ತು ಆ ಚಿನ್ನ ಹುದುಗಿದ್ದ ಕಲ್ಲಿನ ಬಗ್ಗೆ ಮಾತಾಡಬೇಕಾಗಿದೆ. ಆ ಕಲ್ಲು ಜನರನ್ನು ಎರಡು ರೀತಿಯಲ್ಲಿ ಕೊಂದಿತು. ಸಿಡಿದು ಕೊಂದಿತು, ಪುಡಿಯಾಗಿಯೂ ಕೊಂದಿತು. ಸಿಡಿದದ್ದಕ್ಕೆ ವಿಜ್ಞಾನ ಬೇಗ ಓಡಿ ಬಂತು. ಪುಡಿಯಾದದ್ದಕ್ಕೆ ತಡವಾಗಿ ಬಂತು. ನನ್ನ ತಕರಾರು ಇರುವುದು ಅಲ್ಲೇ.

ಮೊದಲು ಆಳದ ಲೆಕ್ಕ ನೋಡೋಣ. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ 1880ರಲ್ಲಿ ಬಂದಾಗ ಅಗೆತ ಮೇಲ್ಮಟ್ಟದಲ್ಲೇ ಇತ್ತು. ಚಿನ್ನದ ಪದರ ಓರೆಯಾಗಿ ಕೆಳಗಿಳಿಯುತ್ತಾ ಹೋಯಿತು, ಗಣಿಯೂ ಅದರ ಹಿಂದೆಯೇ ಇಳಿಯಿತು. ಕೊನೆಗೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್ ದಾಟಿತು, ಸುಮಾರು 3,200 ಮೀಟರ್. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರ ಎಷ್ಟು ಗೊತ್ತಾ? ಒಂದು ಚದರ ಸೆಂಟಿಮೀಟರಿನ ಮೇಲೆ, ಅಂದರೆ ಒಂದು ಉಗುರಿನಷ್ಟು ಜಾಗದ ಮೇಲೆ, ಹೆಚ್ಚುಕಡಿಮೆ 850 ಕಿಲೋ. ಅಲ್ಲಿ ಒಂದು ಪೊಳ್ಳು ಕೊರೆದರೆ ಆ ಜಾಗ ಹೊತ್ತಿದ್ದ ಭಾರ ಎಲ್ಲಿಗೂ ಹೋಗುವುದಿಲ್ಲ. ಪಕ್ಕದ ಕಲ್ಲಿನ ಹೆಗಲಿಗೆ ಬೀಳುತ್ತದೆ.

ಮೆತ್ತನೆಯ ಕಲ್ಲಾಗಿದ್ದರೆ ನಿಧಾನವಾಗಿ ಬಗ್ಗಿ, ಬಿರುಕು ಬಿಟ್ಟು, ಮುನ್ಸೂಚನೆ ಕೊಡುತ್ತಿತ್ತು. ಕೋಲಾರದ ಸ್ಫಟಿಕ ಶಿಲೆ, ಅದರ ಸುತ್ತಲಿನ ಕಪ್ಪು ಶಿಲೆ ಎರಡೂ ಗಟ್ಟಿ ಜಾತಿಯವು. ಒಣ ಬಿದಿರನ್ನು ಬಗ್ಗಿಸುತ್ತಾ ಹೋದರೆ ಸುಮ್ನೆ ಇರುತ್ತದೆ, ಸುಮ್ನೆ ಇರುತ್ತದೆ, ಆಮೇಲೆ ಫಟ್ಟನೆ ಮುರಿದು ಚೂರು ಮುಖಕ್ಕೆ ಹಾರುತ್ತದೆ. ಇದೂ ಹಾಗೇ. ಇದಕ್ಕೆ ರಾಕ್ ಬರ್ಸ್ಟ್ ಎನ್ನುತ್ತಾರೆ. ಗಣಿಯವರ ಹಳೆಯ ಹೆಸರು ಏರ್ ಬ್ಲಾಸ್ಟ್. ಕೆಳಗೆ ಕಲ್ಲು ಸಿಡಿದರೆ ಮೇಲೆ ನೆಲ ನಡುಗುತ್ತಿತ್ತು, ಗೋಡೆ ಬಿರುಕು ಬಿಡುತ್ತಿತ್ತು. ಪಾಳಿಗೆ ಹೋದವರ ಮನೆಯಲ್ಲಿ ಆ ನಡುಕಕ್ಕೆ ಏನು ಅರ್ಥ ಇತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನೆಲ ನಡುಗಿದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು. ಹಾಗಾಗಿ ಅದನ್ನು ಅಡಗಿಸಿಡಲು ಆಗಲಿಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬವರು 1904ರಲ್ಲೇ ಕೋಲಾರ ಗಣಿಯ ಈ ಸಿಡಿತ ಮತ್ತು ನಡುಕಗಳ ಮೇಲೆ ವರದಿ ಬರೆದರು. ಆಗ ಗಣಿಗೆ ಇನ್ನೂ ಕಾಲು ಶತಮಾನವೂ ತುಂಬಿರಲಿಲ್ಲ.

ಆಮೇಲೆ ಏನೇನು ಮಾಡಿದರು? ಮೊದಮೊದಲು ಪೊಳ್ಳು ಜಾಗಕ್ಕೆ ಮರದ ಆಸರೆ ಕೊಡುತ್ತಿದ್ದರು. ಮರ ಅಮುಕಿಕೊಳ್ಳುತ್ತದೆ. ಅದು ಅಮುಕಿಕೊಳ್ಳುವಷ್ಟರಲ್ಲಿ ಬಂಡೆ ಸರಿದು, ಶಕ್ತಿ ಬೇರೆ ಕಡೆ ಕೂಡಿಕೊಂಡಿರುತ್ತದೆ. ಆದ್ದರಿಂದ ಗ್ರಾನೈಟ್ ಕಲ್ಲನ್ನು ಗಣಿಯೊಳಗೆ ಇಳಿಸಿ, ಗೋಡೆ ಕಟ್ಟುವ ಹಾಗೆ ಜೋಡಿಸಿ, ಚಿನ್ನದ ಕಲ್ಲು ತೆಗೆದ ಜಾಗವನ್ನು ತುಂಬುತ್ತಾ ಬಂದರು. ಯೋಚಿಸಿ ನೋಡಿ, ಕಲ್ಲು ಹೊರಗೆ ತರಲು ಇಷ್ಟೆಲ್ಲ ಪಾಡು, ಮತ್ತೆ ಅಲ್ಲಿಗೇ ಕಲ್ಲು ಇಳಿಸುವ ಪಾಡು! ಮುಂದೆ ಕಾಂಕ್ರೀಟ್ ತುಂಬಿದರು. ಅಗೆಯುವ ಕ್ರಮವನ್ನೂ ಬದಲಿಸಿದರು. ಎರಡು ಕಡೆಯಿಂದ ಅಗೆಯುತ್ತಾ ಬಂದರೆ ನಡುವೆ ಒಂದು ಕಲ್ಲಿನ ತುಂಡು ಉಳಿಯುತ್ತದೆ, ಎರಡೂ ಕಡೆಯ ಭಾರ ಅದರ ಮೇಲೆ ಬೀಳುತ್ತದೆ, ಸಿಡಿಯುವುದು ಅದೇ. ಅಂಥ ತುಂಡು ಉಳಿಯದ ಹಾಗೆ ಒಂದೇ ದಿಕ್ಕಿಗೆ ಅಗೆಯುವುದನ್ನು ಕಲಿತರು. 1970ರ ದಶಕದ ಕೊನೆಗೆ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಕಂಪನ ಅಳೆಯುವ ಉಪಕರಣಗಳ ಜಾಲ ಬಂತು. ಸಿಡಿತ ಯಾವಾಗ ಆಗುತ್ತದೆ ಎಂದು ಹೇಳಲು ಆಗದಿದ್ದರೂ ಎಲ್ಲಿ ಆಯಿತು ಎಂದು ಗುರುತಿಸಬಹುದಾಗಿತ್ತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲೇ ಹುಟ್ಟಿತು. ದೇಶದ ಅಣೆಕಟ್ಟು, ಸುರಂಗಗಳಿಗೆಲ್ಲ ಇವತ್ತು ಸಲಹೆ ಕೊಡುವ ಸಂಸ್ಥೆ ಅದು.

ಈಗ ಇನ್ನೊಂದು ಸಾವಿಗೆ ಬರೋಣ.

ಚಿನ್ನದ ಕಲ್ಲು ಅಂದರೆ ಬಹುಪಾಲು ಸಿಲಿಕಾ, ಮರಳಿನಲ್ಲೂ ಇರುವ ಅದೇ ವಸ್ತು. ಕೊರೆದರೆ, ಸಿಡಿಸಿದರೆ, ತುಂಬಿದರೆ ಧೂಳು ಏಳುತ್ತದೆ. ಕಣ್ಣಿಗೆ ಕಾಣುವ ಧೂಳನ್ನು ಮೂಗು, ಗಂಟಲು ಹೇಗೋ ತಡೆಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟಿರುವುದು, ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಅಲ್ಲಿ ಗಾಯ ಮಾಡುತ್ತದೆ, ಗಾಯ ಮಾಗಿ ಗಟ್ಟಿ ಕಲೆಯಾಗುತ್ತದೆ. ಇದು ಸಿಲಿಕೋಸಿಸ್. ಬಂದ ಮೇಲೆ ವಾಸಿಯಾಗುವುದಿಲ್ಲ. ಜೊತೆಗೆ ಕ್ಷಯ ಅಂಟುವ ಅಪಾಯವೂ ಜಾಸ್ತಿ. ಇದರ ಕೆಟ್ಟ ಗುಣ ಅಂದರೆ ಹತ್ತು, ಹದಿನೈದು, ಇಪ್ಪತ್ತು ವರ್ಷ ಕಳೆದು ಕಾಣಿಸಿಕೊಳ್ಳುವುದು. ಅಷ್ಟರಲ್ಲಿ ಮನುಷ್ಯ ಕೆಲಸ ಬಿಟ್ಟು ಊರು ಸೇರಿರುತ್ತಾನೆ. ಯಾವ ನೆಲವೂ ನಡುಗುವುದಿಲ್ಲ.

ಮೈಸೂರು ಸಂಸ್ಥಾನದಲ್ಲಿ ಸಿಲಿಕೋಸಿಸ್ ನಿಯಮ ಬಂದದ್ದು 1940ರಲ್ಲಿ. ಗಣಿ ಶುರುವಾಗಿ ಅರವತ್ತು ವರ್ಷ ಆದ ಮೇಲೆ. 1940ರಿಂದ 1946ರವರೆಗೆ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದರು. 3,402 ಮಂದಿಗೆ ರೋಗ ಇತ್ತು. ನೂರಕ್ಕೆ ಸುಮಾರು 44 ಮಂದಿ. ಈ ಸಂಖ್ಯೆ ಕೇಳಿದ ಮೇಲೆ 800 ಟನ್ನಿನ ಲೆಕ್ಕ ನನಗೆ ಅಷ್ಟು ಹೊಳೆಯುವುದಿಲ್ಲ.

ಇಲ್ಲಿ ಎಂಜಿನಿಯರ್‌ಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಧೂಳಿಗೆ ಮದ್ದು ನೀರು. ನೀರು ಹಾಯಿಸುತ್ತಾ ಕೊರೆದರೆ ಧೂಳು ಕೆಸರಾಗಿ ಇಳಿದುಬಿಡುತ್ತದೆ. ಆದರೆ ಕೋಲಾರದ ತಳದಲ್ಲಿ ಕಲ್ಲಿನ ಬಿಸಿಯೇ 65 ಡಿಗ್ರಿಯ ಆಸುಪಾಸು. ಮೇಲಿಂದ ಕಳಿಸುವ ಗಾಳಿ ಕೂಡ ಇಳಿಯುತ್ತಾ ಒತ್ತಡದಿಂದ ಬಿಸಿಯಾಗುತ್ತದೆ, ಕಿಲೋಮೀಟರಿಗೆ ಹತ್ತು ಡಿಗ್ರಿಯ ಹತ್ತಿರ. ಅದಕ್ಕೇ ಮೇಲೆ ದೊಡ್ಡ ಯಂತ್ರಗಳಿಂದ ಗಾಳಿ ತಂಪು ಮಾಡಿ ಕಳಿಸುತ್ತಿದ್ದರು. ಅಂಥ ಬಿಸಿಯಲ್ಲಿ ನೀರು ಎರಚಿದರೆ ಗಾಳಿಯಲ್ಲಿ ಆವಿ ತುಂಬುತ್ತದೆ. ಆವಿ ತುಂಬಿದರೆ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಮನುಷ್ಯ ಕುಸಿಯುತ್ತಾನೆ. ಅಂದರೆ ಶ್ವಾಸಕೋಶ ಉಳಿಸಲು ಹೋದರೆ ಬಿಸಿ ಹೊಡೆಯುತ್ತದೆ. ಈ ಗಂಟು ಬಿಡಿಸಲು ಇದ್ದ ದಾರಿ ಒಂದೇ, ಇನ್ನೂ ಜಾಸ್ತಿ ತಂಪು ಗಾಳಿ. ಅದಕ್ಕೆ ಕರೆಂಟು ಬೇಕು, ಕರೆಂಟಿಗೆ ದುಡ್ಡು ಬೇಕು. ಕರೆಂಟು ಅಲ್ಲಿ ಇರಲಿಲ್ಲವೇ? ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು 1902ರಲ್ಲೇ ತಂದಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪು ನಿಂತಿತು, ಸುರಂಗಗಳಲ್ಲಿ ನೀರು ಏರಿತು. ಅಗೆತ ನಿಂತ ಮೇಲೂ ನೆಲ ಆಗಾಗ ನಡುಗಿದ್ದುಂಟು. ಹಳೆಯ ಪೊಳ್ಳುಗಳ ಸುತ್ತ ಕಲ್ಲು ಇನ್ನೂ ಹೊಂದಿಕೊಳ್ಳುತ್ತಲೇ ಇತ್ತು.

ಧೂಳು ಮಾತ್ರ ಮೇಲೆಯೇ ಉಳಿಯಿತು. ಊರಿನ ಸುತ್ತ ಹದಿಮೂರು ದಿಬ್ಬಗಳಿವೆ. ಸೈನೈಡ್ ದಿಬ್ಬ ಎಂದೇ ಹೆಸರು. ಕಲ್ಲನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯ ರಾಶಿ. ಒಟ್ಟು ಮೂರು ಕೋಟಿ ಟನ್ನಿಗೂ ಜಾಸ್ತಿ. ಜನ ಹೆದರುವುದು ಸೈನೈಡ್ ಎಂಬ ಹೆಸರಿಗೆ. ಸೈನೈಡ್ ಬಿಸಿಲಿಗೆ, ಗಾಳಿಗೆ ಬರಬರುತ್ತಾ ಒಡೆದು ಹೋಗುತ್ತದೆ. ಸಿಲಿಕಾ ಎಲ್ಲಿಗೂ ಹೋಗುವುದಿಲ್ಲ. ಗಾಳಿ ಕಾಲದಲ್ಲಿ ಆ ಬಿಳಿ ಪುಡಿ ಎದ್ದು ಮನೆಗೆ, ನೀರಿನ ಪಾತ್ರೆಗೆ, ಒಣಗಿಸಿದ ಬಟ್ಟೆಗೆ ಬರುತ್ತದೆ. ಮಳೆಗಾಲದಲ್ಲಿ ದಿಬ್ಬದ ಗಂಧಕದ ಅಂಶ ನೀರಿನೊಂದಿಗೆ ಸೇರಿ ಹುಳಿಯಾಗಿ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಗಿಡ ನೆಟ್ಟು ಧೂಳು ತಡೆಯುವುದು ಸುಲಭವಲ್ಲ, ಆ ಪುಡಿಯಲ್ಲಿ ಬೇರಿಗೆ ಬೇಕಾದ ಸತ್ವವೇ ಇಲ್ಲ.

ಈ ದಿಬ್ಬಗಳನ್ನೇ ಮತ್ತೆ ಅಗೆದು ಉಳಿದ ಚಿನ್ನ ತೆಗೆಯುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ಸಾವಿರ ಎಕರೆಗೂ ಸ್ವಲ್ಪ ಜಾಸ್ತಿ ಜಾಗ. ನಾನು ಇದನ್ನು ವಿರೋಧಿಸುವವನಲ್ಲ. ಊರಿಗೆ ಕೆಲಸ ಬೇಕು, ದಿಬ್ಬ ಹೀಗೇ ಬಿದ್ದಿದ್ದರೆ ಧೂಳು ಹೇಗೂ ತಪ್ಪುವುದಿಲ್ಲ. ಆದರೆ ವರ್ಷಗಟ್ಟಲೆ ಕೂತು ಗಟ್ಟಿಯಾದ ದಿಬ್ಬದ ಮೈಯನ್ನು ಕೆದಕಿದರೆ ಒಳಗಿನ ಸಡಿಲ ಪುಡಿ ಗಾಳಿಗೆ ತೆರೆದುಕೊಳ್ಳುತ್ತದೆ. ಅದನ್ನು ಒದ್ದೆಯಾಗಿಡಲು ನೀರು ಬೇಕು, ಕೋಲಾರದಲ್ಲಿ ನೀರು ಎಲ್ಲಿದೆ? ಗಣಿಯ ಹೊಟ್ಟೆಯಲ್ಲಿ ಇದೆ. ಪರೀಕ್ಷೆ ಮಾಡಿ, ಶುದ್ಧಿ ಮಾಡಿ ಅದನ್ನೇ ಬಳಸಬಹುದೇ ಎಂದು ಕೆಲಸ ಶುರುವಾಗುವ ಮೊದಲೇ ನೋಡಲಿ.

ಇನ್ನೊಂದು ಕೆಲಸವಂತೂ ಆಗಲೇಬೇಕು. ಗಣಿ ಕಾರ್ಮಿಕರಿಗೆ ಕೆಲಸಕ್ಕೆ ಸೇರುವಾಗ, ಆಮೇಲೆ ಕಾಲಕಾಲಕ್ಕೆ ಎದೆಯ ಎಕ್ಸ್‌ರೇ ತೆಗೆಯಬೇಕು ಎಂಬ ನಿಯಮ ಇದೆ. ದಿಬ್ಬದ ಪಕ್ಕದ ಮನೆಯವರು ಆ ನಿಯಮದೊಳಗೆ ಬರುವುದಿಲ್ಲ. ಮೊದಲ ಲಾರಿ ಹೊರಡುವ ಮುಂಚೆ ಅವರ ಎಕ್ಸ್‌ರೇಯನ್ನೂ ತೆಗೆದು ಇಡಲಿ. ಹತ್ತು ವರ್ಷದ ನಂತರ ಕೆಮ್ಮು ಬಂದರೆ ಪಕ್ಕದಲ್ಲಿಟ್ಟು ನೋಡಲು ಹಳೆಯದೊಂದು ಕೈಯಲ್ಲಿ ಇರಬೇಕು.

ನಮಸ್ಕಾರ.