ನಾಲಿಗೆ ಮೇಲಿನ ಬಿಳಿ: ಮೊದಲು ಒರೆಸಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ರಾಯಚೂರಿನಲ್ಲಿ ಹಲ್ಲಿನ ಡಾಕ್ಟರ್. ಹಲ್ಲಿನ ಬಗ್ಗೆ ಮಾತಾಡಿ ಅಂತಲೇ ನನ್ನನ್ನು ಕರೆದದ್ದು. ಹಲ್ಲು ಇನ್ನೊಂದು ದಿನ ಇರಲಿ, ಇವತ್ತು ನಾಲಿಗೆ ಬಗ್ಗೆ ಹೇಳುತ್ತೇನೆ ಅಂತ ನಾನೇ ಕೇಳಿಕೊಂಡೆ. ಯಾಕೆಂದರೆ ಬೇಸಿಗೆ ಶುರುವಾದರೆ ಸಾಕು, ಕುರ್ಚಿಯಲ್ಲಿ ಕೂತವರು ಹಲ್ಲು ತೋರಿಸುವ ಮೊದಲು ನಾಲಿಗೆ ಹೊರಗೆ ಹಾಕುತ್ತಾರೆ. "ಮೇಡಂ, ನಾಲಿಗಿ ಬೆಳ್ಳಗಾಗೈತಿ ನೋಡ್ರಿ. ಹೀಟ್ ಆಗೈತಿ ಅನಸ್ತೈತಿ."

ನಮ್ಮ ಕಡೆ ಬಿಸಿಲು ಜಾಸ್ತಿ, ನಿಜ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಆದರೆ ಬಾಯಲ್ಲಿ ಆಗುವುದಕ್ಕೆಲ್ಲ ಹೀಟ್ ಅಂತ ಹೆಸರಿಟ್ಟು ಸುಮ್ಮನಾಗಬೇಡಿ. ಕೆಲವರು ನಾಲಿಗೆ ಬೆಳ್ಳಗಾಯಿತು ಅಂದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ಬಿ ಕಾಂಪ್ಲೆಕ್ಸ್ ಗುಳಿಗೆ ತಂದು ನುಂಗುತ್ತಾರೆ. ಇನ್ನು ಕೆಲವರು ಹೊಟ್ಟೆ ಸ್ವಚ್ಛ ಇಲ್ಲ ಅಂತ ಜುಲಾಬಿಗೆ ತಗೊಳ್ಳುತ್ತಾರೆ. ಅದೆಲ್ಲ ಆಮೇಲೆ. ಮೊದಲು ಒಂದೇ ಒಂದು ಕೆಲಸ ಮಾಡಿ. ಒರೆಸಿ ನೋಡಿ. ಸ್ವಚ್ಛವಾದ ಬಟ್ಟೆಯನ್ನು ಒದ್ದೆ ಮಾಡಿ ಬೆರಳಿಗೆ ಸುತ್ತಿಕೊಳ್ಳಿ. ಆ ಬಿಳಿಯನ್ನು ಮೆಲ್ಲಗೆ ಒರೆಸಿ. ಅದು ಹೋಗುತ್ತದಾ, ಇಲ್ಲವಾ? ಹೋದರೆ ಅದರ ಕೆಳಗೆ ಏನು ಕಾಣುತ್ತದೆ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಎಲ್ಲರಿಗೂ ಬರುವ ಬಿಳಿ ಯಾವುದು ಅಂತ ಮೊದಲು ಹೇಳಿಬಿಡುತ್ತೇನೆ. ನಾಲಿಗೆ ಮೇಲ್ಭಾಗದಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಎಳೆಗಳು ಸಾವಿರಾರು ಇವೆ. ನಾಲಿಗೆ ಒರಟಾಗಿ ಹತ್ತುವುದು ಅವುಗಳಿಂದಲೇ. ಸತ್ತ ಚರ್ಮದ ಕಣ, ಊಟದ ಚೂರು, ಬ್ಯಾಕ್ಟೀರಿಯಾ ಎಲ್ಲ ಆ ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಹಗಲು ಜೊಲ್ಲು ಬಂದು ತೊಳೆದುಕೊಂಡು ಹೋಗುತ್ತದೆ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಬರುತ್ತದೆ, ಅಷ್ಟೂ ನಮಗೆ ಗೊತ್ತಿಲ್ಲದೆ ಒಳಗೆ ಇಳಿಯುತ್ತದೆ. ರಾತ್ರಿ ನಿದ್ದೆಯಲ್ಲಿ ಅದು ಬಹಳ ಕಡಿಮೆಯಾಗುತ್ತದೆ. ಬಾಯಿ ತೆರೆದು ಮಲಗುವವರಿಗಂತೂ ಇದ್ದದ್ದೂ ಒಣಗುತ್ತದೆ. ಅದಕ್ಕೇ ಬೆಳಿಗ್ಗೆ ನಾಲಿಗೆ ಬೆಳ್ಳಗೆ, ಬಾಯಿ ವಾಸನೆ.

ಇನ್ನೊಂದು ವಿಷಯ ಇದೆ, ನಮ್ಮ ಊಟಕ್ಕೆ ಸೇರಿದ್ದು. ಕಟಕ ರೊಟ್ಟಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ ಅಗಿದು ತಿನ್ನುವಾಗ ನಾಲಿಗೆ ತಾನಾಗಿಯೇ ಉಜ್ಜಿಕೊಳ್ಳುತ್ತದೆ. ಜ್ವರ ಬಂದು ನಾಲ್ಕು ದಿನ ಗಂಜಿ, ಬ್ರೆಡ್ಡು, ಹಾಲಿನ ಮೇಲೆ ಇದ್ದರೆ ಉಜ್ಜುವುದೇನೂ ಇರುವುದಿಲ್ಲ. ಮೇಲೆ ನೀರೂ ಕಡಿಮೆ. ಬಿಳಿ ಪದರ ದಪ್ಪ ಆಗುತ್ತದೆ, ಬಾಯಿಗೆ ರುಚಿ ಹತ್ತುವುದಿಲ್ಲ. ಬೀಡಿ ಸೇದುವವರಿಗೂ ಹೀಗೇ ಆಗುತ್ತದೆ. ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ ಗುಳಿಗೆ ತಗೊಳ್ಳುವವರಿಗೆ, ಅಲರ್ಜಿ ಗುಳಿಗೆ ತಗೊಳ್ಳುವವರಿಗೆ ಬಾಯಿ ಒಣಗಿ ಹೀಗಾಗುತ್ತದೆ.

ಈ ಬಿಳಿ ಒರೆಸಿದರೆ ಹೋಗುತ್ತದೆ, ಕೆಳಗೆ ಎಂದಿನ ಗುಲಾಬಿ ಬಣ್ಣದ ನಾಲಿಗೆ ಇರುತ್ತದೆ. ಇದಕ್ಕೆ ಗುಳಿಗೆ ಬೇಡ. ನೀರು ಕುಡಿಯಿರಿ, ದಿನಾ ನಾಲಿಗೆ ಸ್ವಚ್ಛ ಮಾಡಿ. ಹಳ್ಳಿಯಲ್ಲಿ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜಿದ ಮೇಲೆ ಅದೇ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಿಲ್ಲಿನ ಹಾಗೆ ಬಗ್ಗಿಸಿ ನಾಲಿಗೆ ಕೆರೆದುಕೊಳ್ಳುತ್ತಾರೆ. ಬಹಳ ಒಳ್ಳೆಯ ಅಭ್ಯಾಸ, ಬಿಡಬೇಡಿ. ಪೇಟೆಯಲ್ಲಿ ಸಿಗುವ ಸ್ಟೀಲಿನ ಪಟ್ಟಿಯೂ ಆಗುತ್ತದೆ. ಹಿಂದಿನಿಂದ ಮುಂದಕ್ಕೆ ಮೂರು ನಾಲ್ಕು ಸಲ, ಮೆಲ್ಲಗೆ. ರಕ್ತ ಬರುವ ಹಾಗೆ ಕೆರೆದರೆ ಗಾಯವಾಗುತ್ತದೆ, ಸ್ವಚ್ಛ ಆಗುವುದಿಲ್ಲ.

ಈಗ ನಾನು ಯಾವಾಗಲೂ ಹೇಳುವ ಒಂದು ಕತೆ. ಸ್ವಲ್ಪ ಉದ್ದ ಇದೆ, ಕೇಳಿ. ಸಿಂಧನೂರು ಕಡೆಯ ಒಬ್ಬರು, ಅಕ್ಕಿ ಗಿರಣಿಯಲ್ಲಿ ಕೆಲಸ, ವಯಸ್ಸು ನಲವತ್ತರ ಆಚೆ. ಹೆಂಡತಿ, ತಾಯಿ ಇಬ್ಬರನ್ನೂ ಕರೆದುಕೊಂಡು ಬಂದಿದ್ದರು. ತಾಯಿಗೆ ಒಂದು ಹಲ್ಲು ಅಲ್ಲಾಡುತ್ತಿತ್ತು, ಅದಕ್ಕೇ ಬಂದದ್ದು. ಬಂದಿದ್ದೇವಲ್ಲ, ನಂದೂ ನೋಡಿಬಿಡ್ರಿ ಅಂತ ಮಗ ನಾಲಿಗೆ ತೋರಿಸಿದರು.

"ರುಚಿನೇ ಹತ್ತವಲ್ದು ಮೇಡಂ. ಬಾಯಿ ಒಣಗತೈತಿ. ಹೀಟು."

"ಹೀಟಿಗೆ ಏನು ಮಾಡಿದ್ರಿ ಅಣ್ಣಾ?"

"ದಿನಾ ಎರಡು ಗ್ಲಾಸ್ ಕಬ್ಬಿನ ಹಾಲು ಕುಡಿತೀನ್ರಿ. ಮನ್ಯಾಗ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕೊಡ್ತಾಳ. ಎಷ್ಟು ಕುಡಿದ್ರೂ ನೀರಡಿಕಿ ಹೋಗವಲ್ದು."

ಹೆಂಡತಿ ಪಕ್ಕದಿಂದ ಹೇಳಿದರು, "ರಾತ್ರಿ ನಾಕು ಸಲ ಏಳ್ತಾರ್ರಿ, ಮೂತ್ರಕ್ಕ."

ನಾನು ಬಾಯೊಳಗೆ ಲೈಟ್ ಹಾಕಿ ನೋಡಿದೆ. ನಾಲಿಗೆ ಮೇಲೆ ಒಂದೇ ಸಮ ಪದರ ಅಲ್ಲ. ಒಡೆದ ಹಾಲಿನ ಗಡ್ಡೆಯ ಹಾಗೆ ಅಲ್ಲಲ್ಲಿ ಬಿಳಿ ಚೂರು. ಕೆನ್ನೆಯ ಒಳಗೂ ಇತ್ತು, ಅಂಗುಳದಲ್ಲೂ ಇತ್ತು. ಗಾಜ್ ಬಟ್ಟೆಯಲ್ಲಿ ಒರೆಸಿದೆ. ಬಿಳಿ ಎದ್ದು ಬಂತು. ಆದರೆ ಕೆಳಗೆ ಗುಲಾಬಿ ನಾಲಿಗೆ ಇರಲಿಲ್ಲ. ಕೆಂಪಗೆ ಹಸಿ ಗಾಯ, ಒಂದೆರಡು ಕಡೆ ರಕ್ತ ಜಿನುಗಿತು.

ಇದು ಬೂಷ್ಟು, ಅಂದರೆ ಫಂಗಸ್. ಕ್ಯಾಂಡಿಡಾ ಅಂತ ಅದರ ಹೆಸರು. ಎಷ್ಟೋ ಜನರ ಬಾಯಲ್ಲಿ ಸ್ವಲ್ಪ ಇದ್ದೇ ಇರುತ್ತದೆ, ತೊಂದರೆ ಮಾಡದೆ ಸುಮ್ಮನಿರುತ್ತದೆ. ಮೈಯ ಶಕ್ತಿ ಕುಂದಿದಾಗ, ರಕ್ತದಲ್ಲಿ, ಜೊಲ್ಲಿನಲ್ಲಿ ಸಕ್ಕರೆ ಏರಿದಾಗ, ಬಾಯಿ ಒಣಗಿದಾಗ ಅದು ಬೆಳೆಯುತ್ತದೆ. ಪಕ್ಕದ ಲ್ಯಾಬಿಗೆ ಕಳಿಸಿದೆ. ಶುಗರ್ 380ರ ಮೇಲೆ. ಯಾವ ಹೊತ್ತಿನಲ್ಲಿ ನೋಡಿದರೂ 200 ದಾಟಿ, ಜೊತೆಗೆ ಹೀಗೆ ನೀರಡಿಕೆ, ಮೂತ್ರ ಜಾಸ್ತಿ ಇದ್ದರೆ ಅದು ಸಕ್ಕರೆ ಕಾಯಿಲೆ. ಆ ಮನುಷ್ಯ ನೀರಡಿಕೆಗೆ ಕಬ್ಬಿನ ಹಾಲು ಕುಡಿಯುತ್ತಿದ್ದರು. ಕುಡಿದಷ್ಟೂ ಶುಗರ್ ಏರುತ್ತಿತ್ತು, ಶುಗರ್ ಏರಿದಷ್ಟೂ ನೀರಡಿಕೆ. ಹೀಟ್ ಅಂತ ಅವರೇ ತೀರ್ಮಾನ ಮಾಡಿಕೊಂಡು ಇಡೀ ಬೇಸಿಗೆ ಹೀಗೇ ಕಳೆದಿದ್ದರು. ಒಂದು ಸಲ, ಒಂದೇ ಸಲ ಕನ್ನಡಿ ಮುಂದೆ ನಿಂತು ಒರೆಸಿ ನೋಡಿದ್ದರೆ ಆ ಕೆಂಪು ಅವರಿಗೇ ಕಾಣುತ್ತಿತ್ತು, ಅಲ್ವಾ?

ಬಾಯಿಗೆ ಹಚ್ಚಲು ಔಷಧಿ ಬರೆದುಕೊಟ್ಟೆ, ಫಿಜಿಷಿಯನ್ ಹತ್ತಿರ ಕಳಿಸಿದೆ. ಶುಗರ್ ಹಿಡಿತಕ್ಕೆ ಬಂದ ಮೇಲೆ ನಾಲಿಗೆಯೂ ಸರಿಯಾಯಿತು, ರುಚಿಯೂ ಬಂತು.

ಕತೆ ಇನ್ನೂ ಇದೆ. ಅಷ್ಟೊತ್ತೂ ಆ ತಾಯಿ ಒಂದು ಮಾತಾಡದೆ ಕೂತಿದ್ದರು. ಕೆನ್ನೆಯಲ್ಲಿ ಎಲೆ, ಅಡಿಕೆ, ತಂಬಾಕು. ಉಗುಳಿಸಿ, ಬಾಯಿ ಮುಕ್ಕಳಿಸಿ, ಹಲ್ಲು ನೋಡಿದೆ. ಆಮೇಲೆ ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಒಂದು ಕಡೆ ಎಳೆದೆ. ನಾಲಿಗೆಯ ಎಡ ಅಂಚಿನಲ್ಲಿ, ತಂಬಾಕು ಇಡುವ ಕಡೆಗೇ, ಹೆಬ್ಬೆರಳಿನ ಉಗುರಿನಷ್ಟು ಒಂದು ಬಿಳಿ ಮಚ್ಚೆ. ಒರೆಸಿದೆ. ಹೋಗಲಿಲ್ಲ. ಇನ್ನೊಮ್ಮೆ ಒತ್ತಿ ಒರೆಸಿದೆ. ಹೋಗಲಿಲ್ಲ.

"ಯವ್ವಾ, ಅದು ಬಾಳ ದಿನದಿಂದ ಐತಿ. ನೋವಿಲ್ಲ, ಏನಿಲ್ಲ. ಅದನ್ಯಾಕ ತಿಕ್ಕತಿ?"

ನೋವಿಲ್ಲ ಅನ್ನುವುದೇ ಇದರ ಮೋಸ. ಇದಕ್ಕೆ ಲ್ಯೂಕೋಪ್ಲೇಕಿಯಾ ಅನ್ನುತ್ತೇವೆ. ಇದು ಕ್ಯಾನ್ಸರ್ ಅಲ್ಲ. ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದ ಮಚ್ಚೆ. ನೋವು ಶುರುವಾಗುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಒಂದು ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದೆ. ಮನೆಯವರೆಲ್ಲ ಹೆದರಿದರು. ಚೂರು ತೆಗೆದರೆ ಹರಡುತ್ತದೆ ಅಂತ ಊರಲ್ಲಿ ಯಾರೋ ಹೇಳಿದ್ದರಂತೆ. ದಯವಿಟ್ಟು ಈ ಮಾತನ್ನು ನಂಬಬೇಡಿ, ಬೇರೆಯವರಿಗೂ ಹೇಳಬೇಡಿ. ಪರೀಕ್ಷೆ ಮಾಡಿಸುವುದರಿಂದ ಕ್ಯಾನ್ಸರ್ ಹರಡುವುದಿಲ್ಲ. ಮಾಡಿಸದೆ ಕೂತರೆ ಬೆಳೆಯುತ್ತದೆ. ಅವರ ಪುಣ್ಯ, ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಆ ಮಚ್ಚೆ ತೆಗೆಸಿದರು, ತಂಬಾಕು ಬಿಟ್ಟರು. ಈಗಲೂ ತೋರಿಸಿಕೊಂಡು ಹೋಗುತ್ತಾರೆ. ಬಂದಾಗಲೆಲ್ಲ ತಾವೇ ನಾಲಿಗೆ ಎಳೆದು ಹಿಡಿಯುತ್ತಾರೆ, ಒರೆಸು ಅಂತ.

ಈ ಒಂದು ಮನೆಯ ಕತೆಯನ್ನು ಇಷ್ಟು ಹೇಳಿದ್ದು ಯಾಕೆಂದರೆ ಎರಡೂ ನಾಲಿಗೆ ದೂರದಿಂದ ಬೆಳ್ಳಗೇ ಕಾಣುತ್ತಿದ್ದವು. ಮಗನದು ಒರೆಸಿದರೆ ಹೋಯಿತು, ಕೆಳಗೆ ಕೆಂಪು. ತಾಯಿಯದು ಹೋಗಲೇ ಇಲ್ಲ. ನೋಡಿ, ಒರೆಸಿ.

ನನಗೆ ಕೊಟ್ಟ ಸಮಯ ಹೆಚ್ಚು ಉಳಿದಿಲ್ಲ, ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ.

ಹಾಲು ಕುಡಿಯುವ ಕೂಸುಗಳ ನಾಲಿಗೆ ಹಾಲಿನಿಂದಲೇ ಬೆಳ್ಳಗಿರುತ್ತದೆ. ಒರೆಸಿದರೆ ಹೋದರೆ ಚಿಂತೆ ಇಲ್ಲ. ಕೆನ್ನೆ, ತುಟಿಯ ಒಳಗೂ ಇದ್ದು, ಕೂಸು ಮೊಲೆ ಹಿಡಿಯದೆ ಅಳುತ್ತಿದ್ದರೆ ಅದು ಬೂಷ್ಟು, ಡಾಕ್ಟರಿಗೆ ತೋರಿಸಿ. ಜೇನುತುಪ್ಪ ಮಾತ್ರ ಹಚ್ಚಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಕೊಡಲೇಬಾರದು, ಜೀವಕ್ಕೆ ಅಪಾಯ.

ದಮ್ಮಿಗೆ ಇನ್ಹೇಲರ್ ತಗೊಳ್ಳುವವರು ಬಹಳ ಜನ ಇದ್ದೀರಿ. ಗಿರಣಿ ಧೂಳು, ಹತ್ತಿ ಜಿನ್ನಿಂಗಿನ ಧೂಳು ನಮ್ಮಲ್ಲಿ ಕಡಿಮೆಯೇನಲ್ಲ. ಸ್ಟೀರಾಯ್ಡ್ ಇರುವ ಇನ್ಹೇಲರ್ ಎಳೆದುಕೊಂಡ ಮೇಲೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲದಿದ್ದರೆ ಬಾಯಲ್ಲಿ ಬೂಷ್ಟು ಬರಬಹುದು. ಬಂತು ಅಂತ ಇನ್ಹೇಲರ್ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದವರು ರಾತ್ರಿ ತೆಗೆದು ನೀರಲ್ಲಿ ಹಾಕಿಡಿ.

ಜ್ವರ ಬಿಡದೆ ಬರುತ್ತಿದೆ, ನಾಲಿಗೆ ನಡುವೆ ಬೆಳ್ಳಗೆ, ತುದಿ ಮತ್ತು ಅಂಚು ಕೆಂಪಗಿದೆ ಅಂದರೆ ಟೈಫಾಯ್ಡ್ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ನಾಲಿಗೆ ಮೇಲೆ ನಕ್ಷೆ ಬರೆದ ಹಾಗೆ ಕೆಂಪು ಬಿಳಿ ಗೆರೆ ಕಾಣುತ್ತದೆ, ವಾರಕ್ಕೊಮ್ಮೆ ಜಾಗ ಬದಲಿಸುತ್ತದೆ ಅಂತ ಎಷ್ಟೋ ಜನ ಕ್ಯಾನ್ಸರ್ ಅಂತ ಹೆದರಿ ಓಡಿ ಬರುತ್ತಾರೆ. ಅದರಿಂದ ಏನೂ ಅಪಾಯವಿಲ್ಲ.

ಹುಡುಗರಿಗೆ ಒಂದು ಮಾತು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಈಗ ಪಾನ್ ಮಸಾಲದ ಚೀಟು ಒಂದು, ತಂಬಾಕಿನ ಚೀಟು ಒಂದು, ಎರಡನ್ನೂ ಅಂಗೈಯಲ್ಲಿ ಕಲಸಿ ಬಾಯಿಗೆ ಹಾಕುತ್ತೀರಿ. ಬರೀ ಅಡಿಕೆ, ತಂಬಾಕಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಅಡಿಕೆ ಜಗಿಯುವುದರಿಂದಲೂ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ಹೇಳಿದೆ. ಅಡಿಕೆಯಿಂದ ಕೆನ್ನೆಯ ಒಳಭಾಗ ಬಿಳುಚಿ ಬಿಗಿಯಾಗುತ್ತದೆ, ಬಾಯಿ ತೆರೆಯಲು ಆಗುವುದಿಲ್ಲ. ಮಂಡಕ್ಕಿ ಜೊತೆ ಒಂದು ಮಿರ್ಚಿ ಕಚ್ಚಿದರೂ ಬಾಯಿ ಉರಿಯುತ್ತದಾ? ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಿ. ಹೋಗುವುದಿಲ್ಲ ಅಂದರೆ ಇದೇ ವಾರ ಬಂದು ತೋರಿಸಿ. ಬಿಡಬೇಕು ಅನ್ನುವವರಿಗೆ ಸರ್ಕಾರದ ಉಚಿತ ನಂಬರ್ ಇದೆ, ಬರೆದುಕೊಳ್ಳಿ: 1800 11 2356. ತಂಬಾಕಿನ ಪಾಕೀಟಿನ ಮೇಲೂ ಅಚ್ಚಾಗಿರುತ್ತದೆ.

ನೋಡಿಕೊಳ್ಳುವುದು ಹೇಗೆ? ಬೆಳಿಗ್ಗೆ ಬಾಗಿಲ ಹತ್ತಿರ ಬೆಳಕಿಗೆ ಕನ್ನಡಿ ಹಿಡಿಯಿರಿ, ಇಲ್ಲವೇ ಮೊಬೈಲ್ ಟಾರ್ಚ್ ಹಾಕಿ. ಮೇಲೆ ಮಾತ್ರ ನೋಡಿ ಬಿಡಬೇಡಿ. ನಾಲಿಗೆ ಕ್ಯಾನ್ಸರ್ ಹೆಚ್ಚಾಗಿ ಬರುವುದು ಅಂಚಿನಲ್ಲಿ. ತುದಿ ಹಿಡಿದು ಎಡಕ್ಕೆ ಎಳೆದು ನೋಡಿ, ಬಲಕ್ಕೆ ಎಳೆದು ನೋಡಿ, ಮೇಲಕ್ಕೆತ್ತಿ ಕೆಳಗೆ ನೋಡಿ. ಎರಡೂ ಕೆನ್ನೆಯ ಒಳಗೆ ಬೆರಳಾಡಿಸಿ. ಬಿಳಿ ಕಂಡರೆ ಒರೆಸಿ. ಒರೆಸಿದರೂ ಹೋಗದ ಬಿಳಿ, ಇಲ್ಲವೇ ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಕಾಯಬೇಡಿ.

ತಾಲೂಕು ಆಸ್ಪತ್ರೆಯಲ್ಲೇ ಹಲ್ಲಿನ ಡಾಕ್ಟರ್ ಇರುತ್ತಾರೆ, ಅಲ್ಲಿಂದ ಶುರು ಮಾಡಿ. ದೊಡ್ಡ ಪರೀಕ್ಷೆ ಬೇಕಾದರೆ ರಾಯಚೂರಿನಲ್ಲಿ ರಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಕೊಪ್ಪಳದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜೇ ಇದೆ. ಹೋಗುವ ದಿನ ಬಾಯಲ್ಲಿ ಎಲೆ ಅಡಿಕೆ ಬೇಡ, ಬಣ್ಣ ಹತ್ತಿದರೆ ನಮಗೆ ಮಚ್ಚೆ ಕಾಣುವುದಿಲ್ಲ. ದಿನಾ ತಗೊಳ್ಳುವ ಗುಳಿಗೆಗಳ ಚೀಟಿ ಜೊತೆಗಿರಲಿ. ಮನೆಯಲ್ಲಿ ತಂಬಾಕು ಹಾಕುವ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ನಮಸ್ಕಾರ.