ತೂಕದ ಲೆಕ್ಕದಲ್ಲಿ ವಂಶವಾಹಿಯ ಪಾಲು, ಊಟದ ಪಾಲು

ಎಲ್ಲರಿಗೂ ನಮಸ್ಕಾರ.

ಒಂದೇ ಮನೆಯಲ್ಲಿ ಬೆಳೆದು ಒಂದೇ ಅಡುಗೆ ಉಂಡ ಅಣ್ಣ ಕಡ್ಡಿಯಂತಿರುತ್ತಾನೆ, ತಮ್ಮ ವರ್ಷವರ್ಷಕ್ಕೂ ದಪ್ಪಗಾಗುತ್ತಾನೆ. ನೋಡಿದವರು ಎರಡರಲ್ಲೊಂದು ತೀರ್ಪು ಕೊಟ್ಟುಬಿಡುತ್ತಾರೆ: ತಮ್ಮನಿಗೆ ಬಾಯಿ ಕಟ್ಟಲು ಬರುವುದಿಲ್ಲ, ಇಲ್ಲವೇ ಅವನ ಮೈಯೇ ಹಾಗೆ, ಏನು ಮಾಡಿದರೂ ಇಷ್ಟೇ. ವಂಶವಾಹಿಯನ್ನೂ ಊಟವನ್ನೂ ಹೀಗೆ ಎದುರುಬದುರು ನಿಲ್ಲಿಸುವುದರಲ್ಲೇ ತಪ್ಪಿದೆ. ತೂಕಕ್ಕೆ ಸಂಬಂಧಪಟ್ಟ ವಂಶವಾಹಿಗಳಲ್ಲಿ ಬಹುಪಾಲು ಕೆಲಸ ಮಾಡುವುದು ಮಿದುಳಿನಲ್ಲಿ, ಹಸಿವಿನ ಮೇಲೆ. ಎಂದರೆ, ಅವು ಮೈಗೆ ಇಳಿಯುವುದು ಊಟದ ತಟ್ಟೆಯನ್ನು ಹಾದೇ. ಇಷ್ಟು ಸ್ಪಷ್ಟವಾದರೆ, ಎಂಥ ಡಯಟ್ ಬಾಳಿಕೆ ಬರುತ್ತದೆ, ಅದು ಎಲ್ಲಿ ಕೈಕೊಡುತ್ತದೆ ಎನ್ನುವುದೂ ಅರ್ಥವಾಗುತ್ತದೆ.

ಮೊದಲು ವಂಶವಾಹಿಯ ಪಾಲಿಗಿರುವ ಪುರಾವೆ ನೋಡೋಣ. ಡೆನ್ಮಾರ್ಕಿನಲ್ಲಿ ದತ್ತು ಹೋಗಿದ್ದ 540 ಮಂದಿಯ ಅಧ್ಯಯನ 1986ರಲ್ಲಿ ಪ್ರಕಟವಾಯಿತು. ದೊಡ್ಡವರಾದ ಮೇಲೆ ಅವರ ತೂಕ ಹೆತ್ತವರ ತೂಕದ ಜಾಡು ಹಿಡಿದಿತ್ತು. ಸಾಕಿ ಉಣಿಸಿದವರ ತೂಕಕ್ಕೂ ಇವರದಕ್ಕೂ ಸಂಬಂಧ ಕಾಣಲಿಲ್ಲ. 1990ರಲ್ಲಿ ಕ್ಲೋಡ್ ಬುಶಾರ್ ಅವರ ತಂಡ ಕೆನಡಾದಲ್ಲಿ 12 ಜೋಡಿ ತದ್ರೂಪಿ ಅವಳಿ ಯುವಕರಿಗೆ ವಾರಕ್ಕೆ 6 ದಿನದಂತೆ ಒಟ್ಟು 84 ದಿನ, ದಿನಕ್ಕೆ 1000 ಕ್ಯಾಲರಿ ಹೆಚ್ಚುವರಿಯಾಗಿ ಉಣಿಸಿದ ಫಲಿತಾಂಶ ಪ್ರಕಟಿಸಿತು. ಹೆಚ್ಚುವರಿ ಊಟ ಎಲ್ಲರಿಗೂ ಒಂದೇ ಅಳತೆಯದು. ಆದರೂ ಒಬ್ಬನ ತೂಕ 4.3 ಕೆಜಿ ಏರಿದರೆ ಇನ್ನೊಬ್ಬನದು 13.3 ಕೆಜಿ ಏರಿತು. ಅಣ್ಣನಿಗೆ ಎಷ್ಟು ಏರಿತೋ ಅವನ ಅವಳಿ ತಮ್ಮನಿಗೂ ಹೆಚ್ಚುಕಡಿಮೆ ಅಷ್ಟೇ. ಕೊಬ್ಬು ಸೊಂಟದಲ್ಲಿ ಕೂತಿತೋ ಹೊಟ್ಟೆಯೊಳಗೋ ಎನ್ನುವುದರಲ್ಲೂ ಅವಳಿಗಳು ಒಬ್ಬರನ್ನೊಬ್ಬರು ಹೋಲುತ್ತಿದ್ದರು. ಇದೇ ಪ್ರಯೋಗದ ಇನ್ನೊಂದು ಮುಖವನ್ನೂ ನೆನಪಿಡಿ: 24 ಮಂದಿಯಲ್ಲಿ ಒಬ್ಬನೂ ತೂಕ ಏರದೆ ಉಳಿಯಲಿಲ್ಲ.

ಅವಳಿಗಳ ಅಧ್ಯಯನಗಳಿಂದ ಬಂದ ಒಂದು ಅಂಕಿ ಬಹಳ ಓಡಾಡುತ್ತದೆ: ದೇಹತೂಕ ಸೂಚ್ಯಂಕ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ) ಶೇ. 40ರಿಂದ 70ರಷ್ಟು ಆನುವಂಶಿಕ ಎಂದು. ಇದನ್ನು ಓದಿದವರು "ನನ್ನ ತೂಕದಲ್ಲಿ ಮುಕ್ಕಾಲು ಪಾಲು ತಂದೆತಾಯಿಯದು" ಎಂದುಕೊಳ್ಳುತ್ತಾರೆ. ಅಂಕಿ ಹೇಳುವುದು ಅದನ್ನಲ್ಲ. ಒಂದೇ ಕಾಲದ, ಒಂದೇ ಬಗೆಯ ಆಹಾರ ಸಿಗುವ ಜನಸಮೂಹದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲು ವಂಶವಾಹಿಯ ವ್ಯತ್ಯಾಸದಿಂದ ಬಂತು ಎಂಬ ಲೆಕ್ಕ ಅದು. ಆಹಾರ ಬದಲಾದರೆ ಇಡೀ ಸಮೂಹವೇ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಪೀಮಾ ಬುಡಕಟ್ಟಿನ ಒಂದು ಕವಲು ಅಮೆರಿಕದ ಅರಿಜೋನಾದಲ್ಲಿದೆ, ಇನ್ನೊಂದು ಮೆಕ್ಸಿಕೊದ ಗುಡ್ಡಗಾಡಿನಲ್ಲಿದೆ. 1994ರ ಹೋಲಿಕೆಯಲ್ಲಿ, ಹೊಲದ ದುಡಿಮೆ ಮತ್ತು ಸರಳ ಊಟದ ಮೆಕ್ಸಿಕೊ ಕವಲಿನವರು ಅರಿಜೋನಾದವರಿಗಿಂತ ಸರಾಸರಿ 26 ಕೆಜಿ ಹಗುರವಾಗಿದ್ದರು. ಮೂಲ ಒಂದೇ, ಬದುಕು ಬೇರೆ.

ಹಾಗಿದ್ದರೆ ವಂಶವಾಹಿ ಮಾಡುವುದಾದರೂ ಏನು? 1994ರಲ್ಲಿ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಹಾರ್ಮೋನಿನ ವಂಶವಾಹಿಯನ್ನು ಗುರುತಿಸಿತು. ಕೊಬ್ಬಿನ ಕೋಶಗಳು ತಮ್ಮಲ್ಲಿ ಎಷ್ಟು ದಾಸ್ತಾನಿದೆ ಎಂದು ಮಿದುಳಿಗೆ ಕಳಿಸುವ ವರದಿ ಅದು. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ತಂಡ, ಈ ವಂಶವಾಹಿ ಕೆಟ್ಟು ಲೆಪ್ಟಿನ್ನೇ ತಯಾರಾಗದ ಇಬ್ಬರು ಮಕ್ಕಳ ಬಗ್ಗೆ ಬರೆಯಿತು. ಅದರಲ್ಲಿ 8 ವರ್ಷದ ಹುಡುಗಿ 86 ಕೆಜಿ ಇದ್ದಳು. ವರದಿಯೇ ಬಾರದ ಮಿದುಳು ದೇಹ ಉಪವಾಸ ಬಿದ್ದಿದೆ ಎಂದೇ ನಂಬುತ್ತದೆ. ಎಷ್ಟು ಉಂಡರೂ ಹಸಿವು ಇಳಿಯುವುದಿಲ್ಲ. ಲೆಪ್ಟಿನ್ ಚುಚ್ಚುಮದ್ದು ಆರಂಭಿಸಿದಾಗ ಇಂಥ ಮಕ್ಕಳ ಹಸಿವು ತಗ್ಗಿತು, ತೂಕ ಇಳಿಯಿತು. ಸಾಮಾನ್ಯ ಬೊಜ್ಜಿಗೂ ಇದೇ ಮದ್ದಾದೀತೆಂಬ ಆಸೆ ಮಾತ್ರ ಈಡೇರಲಿಲ್ಲ. ಬೊಜ್ಜಿರುವ ಬಹುಪಾಲು ಮಂದಿಯ ರಕ್ತದಲ್ಲಿ ಲೆಪ್ಟಿನ್ ಆಗಲೇ ಹೆಚ್ಚಿರುತ್ತದೆ, ಮಿದುಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ.

ಹೀಗೆ ಒಂದೇ ವಂಶವಾಹಿ ಕೆಟ್ಟು ಬರುವ ಬೊಜ್ಜು ಅಪರೂಪ. ಅವುಗಳಲ್ಲಿ ಹೆಚ್ಚು ಕಾಣುವುದು ಎಂಸಿ4ಆರ್ ಎಂಬ ವಂಶವಾಹಿಯ ದೋಷ. ಅದೂ ಹೊಟ್ಟೆ ತುಂಬಿತೆಂದು ತಿಳಿಸುವ ಮಿದುಳಿನ ದಾರಿಯದೇ. ಉಳಿದ ನಮ್ಮೆಲ್ಲರಲ್ಲಿರುವುದು ಅಸಂಖ್ಯ ಸಣ್ಣ ಸಣ್ಣ ವ್ಯತ್ಯಾಸಗಳ ಮೊತ್ತ. 2007ರಲ್ಲಿ ಸಿಕ್ಕ ಎಫ್‌ಟಿಓ ಅವುಗಳಲ್ಲಿ ಹೆಸರಾದದ್ದು. ತೂಕ ಏರಿಸುವ ಅದರ ಅಪಾಯದ ರೂಪ ತಂದೆಯಿಂದಲೂ ತಾಯಿಯಿಂದಲೂ ಬಂದಿದ್ದರೆ, ಎರಡೂ ಕಡೆಯಿಂದ ಬರದವರಿಗಿಂತ ತೂಕ ಸರಾಸರಿ 3 ಕೆಜಿ ಹೆಚ್ಚು. ಇಷ್ಟು ಸದ್ದು ಮಾಡಿದ ವಂಶವಾಹಿಯ ತೂಕ ಮೂರೇ ಕಿಲೋ! ಆದರೆ ಸಣ್ಣಪುಟ್ಟವೆಲ್ಲ ಒಂದೇ ಕಡೆ ವಾಲಿದಾಗ ಮಾತು ಬೇರೆ. 2019ರಲ್ಲಿ ಸುಮಾರು 21 ಲಕ್ಷ ವ್ಯತ್ಯಾಸಗಳನ್ನು ಕೂಡಿಸಿ ಅಂಕ ಹಾಕಿದಾಗ, ನಡುವಯಸ್ಸಿನವರಲ್ಲಿ ಅತಿ ಹೆಚ್ಚು ಅಂಕದ ಶೇ. 10 ಮಂದಿಗೂ ಅತಿ ಕಡಿಮೆ ಅಂಕದ ಶೇ. 10 ಮಂದಿಗೂ ನಡುವೆ ಸರಾಸರಿ 13 ಕೆಜಿ ಅಂತರವಿತ್ತು. ಹುಟ್ಟುವಾಗ ಆ ಅಂತರ ಇಲ್ಲವೆನ್ನುವಷ್ಟು ಕಡಿಮೆ. ವರ್ಷಗಟ್ಟಲೆ, ತುತ್ತು ತುತ್ತಾಗಿ ಬೆಳೆದ ಅಂತರವದು.

"ವಯಸ್ಸಾಯಿತು, ನನ್ನ ಮೆಟಬಾಲಿಸಂ (ಮೈ ಶಕ್ತಿ ಸುಡುವ ವೇಗ) ನಿಧಾನವಾಯಿತು" ಎಂಬ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ. 2021ರಲ್ಲಿ 6400ಕ್ಕೂ ಹೆಚ್ಚು ಮಂದಿಯ ಶಕ್ತಿವ್ಯಯವನ್ನು ಅಳೆದ ಅಧ್ಯಯನದಲ್ಲಿ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, 20ರಿಂದ 60 ವರ್ಷದವರೆಗೆ ಅದು ಬಹುತೇಕ ಒಂದೇ ಮಟ್ಟದಲ್ಲಿತ್ತು. ನಲವತ್ತಕ್ಕೆ ಬಂದ ಹೊಟ್ಟೆಗೆ ಬೇರೆ ಕಾರಣ ಹುಡುಕಬೇಕು.

ಇನ್ನು ಊಟ. ಕೊಬ್ಬು ಬಿಡಬೇಕೋ ಪಿಷ್ಟ ಬಿಡಬೇಕೋ ಎಂಬ ಜಗಳಕ್ಕೆ 2018ರ ಸ್ಟ್ಯಾನ್‌ಫರ್ಡ್ ಅಧ್ಯಯನ ಸಾಕಷ್ಟು ಉತ್ತರ ಕೊಟ್ಟಿದೆ. 609 ಮಂದಿ, 12 ತಿಂಗಳು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕೆಜಿ ಇಳಿದರು, ಪಿಷ್ಟ ಕಡಿಮೆ ಮಾಡಿದವರು 6 ಕೆಜಿ. ಈ ವ್ಯತ್ಯಾಸಕ್ಕೆ ಬೆಲೆಯಿಲ್ಲ. ವಂಶವಾಹಿ ಪರೀಕ್ಷೆಯ ಪ್ರಕಾರ "ಹೊಂದುವ" ಡಯಟ್ ಸಿಕ್ಕವರಿಗೂ ಹೊಂದದ್ದು ಸಿಕ್ಕವರಿಗೂ ಫಲದಲ್ಲಿ ಭೇದ ಕಾಣಲಿಲ್ಲ. ಆದರೆ ಪ್ರತಿಯೊಂದು ಗುಂಪಿನೊಳಗೆ ಕೆಲವರು 20 ಕೆಜಿಗೂ ಮೀರಿ ಇಳಿದಿದ್ದರು, ಕೆಲವರು ಏರಿದ್ದರು. ಡಯಟ್ಟಿನ ಹೆಸರಿಗಿಂತ ಅದರ ಮೇಲೆ ಬದುಕಲು ಒಬ್ಬರಿಗೆ ಎಷ್ಟು ಸಲೀಸು ಎನ್ನುವುದೇ ದೊಡ್ಡದು.

ಆಹಾರದ ರೂಪದ ಮಾತು ಹಾಗಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರ ತಂಡ 20 ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿ, ಎರಡು ವಾರ ಅತಿಸಂಸ್ಕರಿತ ಆಹಾರ (ಕಾರ್ಖಾನೆಯಲ್ಲಿ ತಯಾರಾಗಿ ಪೊಟ್ಟಣದಲ್ಲಿ ಬರುವಂಥದ್ದು), ಎರಡು ವಾರ ಸರಳವಾಗಿ ಬೇಯಿಸಿದ ಆಹಾರ ಕೊಟ್ಟಿತು. ಬಡಿಸಿದ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ, ಬೇಕಾದಷ್ಟು ತಿನ್ನಬಹುದು. ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, 0.9 ಕೆಜಿ ಏರಿದರು. ಇನ್ನೊಂದರಲ್ಲಿ ಅಷ್ಟೇ ಇಳಿದರು. ಮೆತ್ತಗಿರುವ, ಬೇಗ ಗಂಟಲಿಳಿಯುವ ಆಹಾರ, ಹೊಟ್ಟೆ ತುಂಬಿತೆಂಬ ಸಂಕೇತ ಮಿದುಳಿಗೆ ಮುಟ್ಟುವ ಮುಂಚೆಯೇ ಹೊಟ್ಟೆ ಸೇರಿಬಿಟ್ಟಿರಬಹುದು. ಹಸಿವಿನ ವಂಶವಾಹಿ ಜೋರಾಗಿರುವವರು ಮೊದಲು ಕೈಹಾಕಬೇಕಾದದ್ದು ಇಲ್ಲಿ.

ಈಗ ಲೆಕ್ಕಕ್ಕೆ ಕೂರೋಣ. ವಿಶ್ರಾಂತಿಯಲ್ಲಿ ದೇಹ ಸುಡುವ ಕ್ಯಾಲರಿಗೆ ಮಿಫ್ಲಿನ್ ಸೂತ್ರ ಹೀಗಿದೆ: ತೂಕದ ಕೆಜಿಯನ್ನು 10ರಿಂದ, ಎತ್ತರದ ಸೆಂಟಿಮೀಟರನ್ನು 6.25ರಿಂದ ಗುಣಿಸಿ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಗಂಡಸರು 5 ಕೂಡಿಸಿ, ಹೆಂಗಸರು 161 ಕಳೆಯಿರಿ. 40 ವರ್ಷ, 160 ಸೆಂಮೀ, 80 ಕೆಜಿಯ ಹೆಂಗಸಿಗೆ 1439 ಬರುತ್ತದೆ. ಹೆಚ್ಚು ಹೊತ್ತು ಕೂತೇ ಇರುವವರಿಗೆ 1.4ರಿಂದ ಗುಣಿಸಿದರೆ ಸುಮಾರು 2015. ದಿನಕ್ಕೆ 500 ಕಡಿಮೆ ಮಾಡಿದರೆ ಊಟ 1500ರ ಆಸುಪಾಸು. ಇದು ಅಂದಾಜು; ಮೂರು ನಾಲ್ಕು ವಾರದ ತೂಕ ನೋಡಿ ತಿದ್ದಿಕೊಳ್ಳಬೇಕು.

ಆ 1500ರೊಳಗೆ ಮೊದಲು ಜಾಗ ಕೊಡಬೇಕಾದದ್ದು ಪ್ರೋಟೀನಿಗೆ, ದೇಹತೂಕದ ಕೆಜಿಗೆ 1.2ರಿಂದ 1.6 ಗ್ರಾಂ. ಈ ಹೆಂಗಸಿಗೆ ಕನಿಷ್ಠ 96 ಗ್ರಾಂ, ಮೂರು ಹೊತ್ತಿಗೂ ಹಂಚಿ. ಪ್ರೋಟೀನ್ ಹೆಚ್ಚು ಹೊತ್ತು ಹಸಿವು ತಡೆಯುತ್ತದೆ, ಅದನ್ನು ಅರಗಿಸಲೇ ಅದರ ಶೇ. 20ರಿಂದ 30 ಶಕ್ತಿ ಖರ್ಚಾಗುತ್ತದೆ. ಕೊಬ್ಬಿಗೆ ಆ ಖರ್ಚು ಶೇ. 3 ದಾಟುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಈ ಪ್ರಮಾಣವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ನಾರಿನಂಶ 25ರಿಂದ 30 ಗ್ರಾಂ ಇರಲಿ, ಆದರೆ ಒಂದೇ ದಿನ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ವಾರಕ್ಕೆ 5 ಗ್ರಾಂನಂತೆ ಏರಿಸಿ, ನೀರನ್ನೂ ಹೆಚ್ಚಿಸಿ. ಸಕ್ಕರೆ ಪಾನೀಯ, ಹಣ್ಣಿನ ರಸ ಬಿಡುವುದು ಎಲ್ಲಕ್ಕಿಂತ ಅಗ್ಗದ ಲಾಭ: ಕುಡಿದ ಕ್ಯಾಲರಿಯನ್ನು ಹೊಟ್ಟೆ ಲೆಕ್ಕಕ್ಕೆ ಹಿಡಿಯುವುದೇ ಕಡಿಮೆ.

ಎಲ್ಲಿ ತಪ್ಪುತ್ತದೆ? ಹೆಚ್ಚಾಗಿ ಅಳತೆಯಲ್ಲಿ. 1992ರ ಒಂದು ಅಧ್ಯಯನದಲ್ಲಿ, ದಿನಕ್ಕೆ 1200 ಕ್ಯಾಲರಿಗಿಂತ ಕಡಿಮೆ ತಿಂದರೂ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದರು. ಅವರ ಶಕ್ತಿವ್ಯಯ ಸರಿಯಾಗಿಯೇ ಇತ್ತು. ತಿಂದದ್ದನ್ನು ಅವರು ಸರಾಸರಿ ಶೇ. 47ರಷ್ಟು ಕಡಿಮೆ ಬರೆದುಕೊಂಡಿದ್ದರು. ಇದನ್ನು ಸುಳ್ಳು ಎನ್ನಬೇಡಿ, ಕಣ್ಣಳತೆ ಎಲ್ಲರಿಗೂ ಕೈಕೊಡುತ್ತದೆ. ಒಂದು ದೊಡ್ಡ ಚಮಚ ಎಣ್ಣೆ ಎಂದರೆ 120 ಕ್ಯಾಲರಿ. ಬಾಟಲಿಯಿಂದ ನೇರ ಸುರಿದರೆ ಎರಡು ಚಮಚವಾದದ್ದು ಗೊತ್ತೇ ಆಗುವುದಿಲ್ಲ. ಇನ್ನೊಂದು ಎಡವಟ್ಟು ಹಸಿ ತೂಕ, ಬೆಂದ ತೂಕದ್ದು. 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 350 ಕ್ಯಾಲರಿ, 24 ಗ್ರಾಂ ಪ್ರೋಟೀನ್ ಇದ್ದರೆ, ನೀರು ಕುಡಿದು ಬೆಂದ 100 ಗ್ರಾಂನಲ್ಲಿ 115 ಕ್ಯಾಲರಿ, 9 ಗ್ರಾಂ ಪ್ರೋಟೀನ್. ಪಟ್ಟಿಯ ಯಾವ ಸಾಲು ನೋಡುತ್ತಿದ್ದೀರಿ ಎಂದು ಖಚಿತ ಮಾಡಿಕೊಳ್ಳಿ. ಎರಡು ವಾರ ಅಡುಗೆಮನೆ ತಕ್ಕಡಿಯಲ್ಲಿ ತೂಗಿದರೆ ಸಾಕು, ಕಣ್ಣು ಪಳಗುತ್ತದೆ.

ಮೊದಲ ವಾರವೇ ಎರಡು ಕೆಜಿ ಇಳಿದರೆ ಹಿಗ್ಗಬೇಡಿ. ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೊಜೆನ್ (ಸಕ್ಕರೆಯ ದಾಸ್ತಾನು) 400-500 ಗ್ರಾಂ ಇರುತ್ತದೆ, ಪ್ರತಿ ಗ್ರಾಂ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ. ಹೋದದ್ದು ಬಹುಪಾಲು ಅದು. ಆಮೇಲೆ ಒಂದು ಹಬ್ಬದೂಟಕ್ಕೆ ಕೆಜಿ ಮರಳಿದರೂ ಅದೇ ನೀರು. ಬೆಳಗ್ಗೆ ಶೌಚ ಮುಗಿಸಿ ತೂಗಿ, ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ.

ತೂಕ ನಿಂತುಹೋಗುವ ಹಂತದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಹೆಚ್ಚಿನವರು ಸೋಲುವುದು ಅಲ್ಲೇ. ಹಳೆಯ ಲೆಕ್ಕದಂತೆ ಒಂದು ಕೆಜಿ ಕೊಬ್ಬಿಗೆ 7700 ಕ್ಯಾಲರಿ. ದಿನಕ್ಕೆ 500 ಉಳಿಸಿದರೆ ವರ್ಷಕ್ಕೆ 23 ಕೆಜಿಗೂ ಹೆಚ್ಚು ಇಳಿಯಬೇಕು. ಹಾಗಾಗುವುದಿಲ್ಲ. ದೇಹ ಹಗುರಾದಂತೆ ಖರ್ಚೂ ತಗ್ಗುತ್ತದೆ, ಕೆಜಿಗೆ ದಿನಕ್ಕೆ 20-30 ಕ್ಯಾಲರಿ. ಈ ಲೆಕ್ಕದಲ್ಲಿ 500ರ ಕಡಿತವನ್ನು ಬಿಡದೆ ಪಾಲಿಸಿದರೆ ಕೊನೆಗೆ ನಿಲ್ಲುವುದು ಸುಮಾರು 20 ಕೆಜಿ ಇಳಿದಾಗ. ಅದಕ್ಕೆ ಮೂರು ವರ್ಷ ಹಿಡಿಯುತ್ತದೆ, ಅರ್ಧದಷ್ಟು ಮೊದಲ ವರ್ಷದಲ್ಲಿ. ಆದರೆ ಬಹಳ ಮಂದಿ ಆರೆಂಟು ತಿಂಗಳಿಗೇ ನಿಂತುಬಿಡುತ್ತಾರಲ್ಲ? ಕಾರಣ ಹಸಿವು. ಇಳಿದ ಪ್ರತಿ ಕೆಜಿಗೆ ಹಸಿವು ದಿನಕ್ಕೆ ಸುಮಾರು 100 ಕ್ಯಾಲರಿಯಷ್ಟು ಏರುತ್ತದೆಂದು ಅಂದಾಜು. ಐದು ಕೆಜಿ ಇಳಿದವರಿಗೆ ಮೊದಲಿಗಿಂತ 500 ಕ್ಯಾಲರಿ ಹೆಚ್ಚು ತಿನ್ನುವ ಒತ್ತಡ ಬಂದಿರುತ್ತದೆ. ಖರ್ಚಿನ ಇಳಿತಕ್ಕಿಂತ ಇದು ಮೂರರಿಂದ ಐದು ಪಟ್ಟು ಬಲ. 2011ರ ಒಂದು ಅಧ್ಯಯನದಲ್ಲಿ, ಹತ್ತು ವಾರದ ಕಟ್ಟುನಿಟ್ಟಿನ ಡಯಟ್ಟಿನಿಂದ ಬದಲಾದ ಹಸಿವಿನ ಹಾರ್ಮೋನುಗಳು ಒಂದು ವರ್ಷದ ನಂತರವೂ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ.

ಆದ್ದರಿಂದ ಇಳಿಸುವ ಯೋಜನೆಯ ಜೊತೆಗೇ ಉಳಿಸಿಕೊಳ್ಳುವ ಯೋಜನೆಯೂ ಬೇಕು. ನಡಿಗೆ, ವ್ಯಾಯಾಮ ಇಳಿಸುವುದರಲ್ಲಿ ಅಷ್ಟು ದೊಡ್ಡ ಪಾಲು ಹೊರುವುದಿಲ್ಲ, ಉಳಿಸಿಕೊಳ್ಳುವುದರಲ್ಲಿ ಹೊರುತ್ತವೆ. ಎಫ್‌ಟಿಓ ಅಪಾಯದ ರೂಪದಿಂದ ಏರುವ ಬೊಜ್ಜಿನ ಸಾಧ್ಯತೆ ಚಟುವಟಿಕೆಯಿಂದಿರುವವರಲ್ಲಿ ಶೇ. 27ರಷ್ಟು ತಗ್ಗುತ್ತದೆ ಎಂದು ಎರಡು ಲಕ್ಷಕ್ಕೂ ಹೆಚ್ಚು ಮಂದಿಯ 2011ರ ವಿಶ್ಲೇಷಣೆ ತೋರಿಸಿದೆ. ವಾರಕ್ಕೆ ಎರಡು ಸಲ ಭಾರ ಎತ್ತುವ ವ್ಯಾಯಾಮ ಸ್ನಾಯು ಕರಗದಂತೆ ಕಾಯುತ್ತದೆ. ಅವಸರ ಬೇಡ: ವಾರಕ್ಕೆ ಒಂದೂವರೆ ಕೆಜಿ ಮೀರಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಏರುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲೇ ಔಷಧದ ಪ್ರಮಾಣ ಮರುಪರಿಶೀಲಿಸಿಕೊಳ್ಳಬೇಕು, ಇಲ್ಲವಾದರೆ ರಕ್ತದ ಸಕ್ಕರೆ ಕುಸಿಯಬಹುದು.

ಇಷ್ಟಾದರೂ ಹಸಿವೇ ಗೆಲ್ಲುತ್ತಿದ್ದರೆ ಔಷಧ ತೆಗೆದುಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಹಸಿವು ತಗ್ಗಿಸುವ ಸೆಮಾಗ್ಲುಟೈಡ್ ಎಂಬ ಚುಚ್ಚುಮದ್ದನ್ನು ವಾರಕ್ಕೊಮ್ಮೆ 2.4 ಮಿಗ್ರಾಂನಂತೆ 68 ವಾರ ತೆಗೆದುಕೊಂಡವರು ಸರಾಸರಿ ಶೇ. 15ರಷ್ಟು ತೂಕ ಇಳಿದರು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ಮರಳಿತು. ರಕ್ತದೊತ್ತಡದ ಮಾತ್ರೆ ಬಿಟ್ಟರೆ ಒತ್ತಡ ಏರಿದಂತೆಯೇ ಇದೂ.

ಕೊನೆಗೆ ವಂಶವಾಹಿ ಪರೀಕ್ಷೆ. ಎಂಜಲು ಕಳಿಸಿದರೆ ನಿಮಗೊಪ್ಪುವ ಡಯಟ್ ಹೇಳುತ್ತೇವೆ ಎನ್ನುವ ಕಿಟ್‌ಗಳಿಗೆ ಹಣ ಸುರಿಯಬೇಡಿ. ಎಫ್‌ಟಿಓ ಅಪಾಯದ ರೂಪ ಇರುವವರೂ ಇಲ್ಲದವರೂ ಡಯಟ್, ವ್ಯಾಯಾಮ, ಔಷಧಗಳಿಂದ ಒಂದೇ ಪ್ರಮಾಣದಲ್ಲಿ ಇಳಿಯುತ್ತಾರೆಂದು 9500ಕ್ಕೂ ಹೆಚ್ಚು ಮಂದಿಯ 2016ರ ವಿಶ್ಲೇಷಣೆ ಹೇಳಿದೆ. ಪರೀಕ್ಷೆ ನಿಜಕ್ಕೂ ಬೇಕಾದದ್ದು ಐದು ವರ್ಷದೊಳಗೇ ವಿಪರೀತ ತೂಕ ಏರಿ, ಉಂಡ ಕೂಡಲೇ ಮತ್ತೆ ಊಟಕ್ಕೆ ಹಟ ಹಿಡಿಯುವ, ರಾತ್ರಿ ಎದ್ದು ಆಹಾರ ಹುಡುಕುವ ಮಕ್ಕಳಿಗೆ. ಅಂಥ ಕೆಲವು ವಂಶವಾಹಿ ದೋಷಗಳಿಗೆ ಸೆಟ್‌ಮೆಲನೊಟೈಡ್ ಎಂಬ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅಂಥ ಮಗುವನ್ನು ಮಕ್ಕಳ ಹಾರ್ಮೋನ್ ತಜ್ಞರಲ್ಲಿಗೆ ಕರೆದೊಯ್ಯುವಾಗ ಹುಟ್ಟಿದಾಗಿನಿಂದ ಬರೆದಿಟ್ಟ ತೂಕ, ಎತ್ತರದ ದಾಖಲೆಯನ್ನು ಜೊತೆಗೊಯ್ಯಿರಿ. ಏರಿಕೆ ಯಾವ ತಿಂಗಳಿಂದ ಶುರುವಾಯಿತು ಎನ್ನುವುದನ್ನೇ ಅವರು ಮೊದಲು ಕೇಳುತ್ತಾರೆ.