ವೇಟ್ಸ್ ಎತ್ತಿದರೆ ಎಷ್ಟು ಕ್ಯಾಲೊರಿ?

ಕೇಳುಗರೇ, ನಮಸ್ಕಾರ.

ನಾನು ಜಿಮ್ ಸೇರಿದ್ದು 52ನೇ ವಯಸ್ಸಿನಲ್ಲಿ. ಆಗ ನನಗೆ ಮೊಣಕಾಲು ನೋವು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಲೇಬೇಕು. 'ವಾಕಿಂಗ್ ಒಂದೇ ಸಾಲದು, ಸ್ವಲ್ಪ ಭಾರ ಎತ್ತಿ' ಅಂದರು ಡಾಕ್ಟರು. ಅದೇ ಸಮಯಕ್ಕೆ ಮಗಳು ಒಂದು ಸ್ಮಾರ್ಟ್ ವಾಚ್ ಕೊಡಿಸಿದಳು.

ಸೋಮವಾರ ಮುಕ್ಕಾಲು ಗಂಟೆ ವೇಟ್ಸ್ ಮಾಡಿದೆ. ವಾಚ್ 140 ಕ್ಯಾಲೊರಿ ಅಂತ ತೋರಿಸಿತು. ಮಂಗಳವಾರ ಅಷ್ಟೇ ಹೊತ್ತು ಬಿರುಸಾಗಿ ನಡೆದೆ. 210! ಹಾಗಾದರೆ ಭಾರ ಎತ್ತಿ ಏನು ಪ್ರಯೋಜನ ಅನ್ನಿಸಿತು. ಮೆಲ್ಲಗೆ ವೇಟ್ಸ್ ತಪ್ಪಿಸಿ ನಡೆಯುವುದನ್ನೇ ಜಾಸ್ತಿ ಮಾಡಿದೆ. ಮೂರು ತಿಂಗಳಾದರೂ ಮೆಟ್ಟಿಲಿನ ಕಂಬಿ ಬಿಡಲಾಗಲಿಲ್ಲ. ನನಗೆ ಬೇಕಾಗಿದ್ದ ಕೆಲಸದಿಂದಲೇ ಆ ಅಂಕಿ ನನ್ನನ್ನು ದೂರ ಮಾಡಿತ್ತು. ನಿಮ್ಮಲ್ಲೂ ಯಾರಿಗಾದರೂ ಹೀಗಾಗುತ್ತಿರಬಹುದು. ಅದಕ್ಕೇ ಇವತ್ತು ಈ ವಿಷಯ.

ವಾಚ್ ಕ್ಯಾಲೊರಿಯನ್ನು ಅಳೆಯುವುದಿಲ್ಲ, ಅಂದಾಜು ಮಾಡುತ್ತದೆ. ಅದರ ತಳದಲ್ಲಿ ಮಿನುಗುವ ಹಸಿರು ಬೆಳಕನ್ನು ನೋಡಿದ್ದೀರಲ್ವಾ? ಆ ಬೆಳಕು ಚರ್ಮದ ಕೆಳಗೆ ಹರಿಯುವ ರಕ್ತದ ಏರಿಳಿತ ನೋಡಿ ಎದೆಬಡಿತ ಎಣಿಸುತ್ತದೆ. ಬಡಿತ, ತೂಕ, ವಯಸ್ಸು, ಕೈಯ ಚಲನೆ ಎಲ್ಲ ಸೇರಿಸಿ ಒಂದು ಲೆಕ್ಕ ಹಾಕುತ್ತದೆ. ನಡಿಗೆ, ಓಟದಲ್ಲಿ ಬಡಿತ ಏರಿದ ಹಾಗೆ ದೇಹ ಬಳಸುವ ಆಮ್ಲಜನಕವೂ ಏರುತ್ತದೆ. ಹಾಗಾಗಿ ಲೆಕ್ಕ ಸುಮಾರಾಗಿ ಕೂಡಿಬರುತ್ತದೆ.

ಭಾರ ಎತ್ತುವಾಗ ಈ ಜೋಡಿ ತಪ್ಪುತ್ತದೆ. ಮೈ ಬಿಗಿ ಹಿಡಿದು ಎತ್ತಿದರೆ ರಕ್ತದೊತ್ತಡ ಏರುತ್ತದೆ, ಎದೆ ಜೋರಾಗಿ ಬಡಿಯುತ್ತದೆ. ಆದರೆ ಆಮ್ಲಜನಕದ ಬಳಕೆ ಅಷ್ಟು ಏರಿರುವುದಿಲ್ಲ. (ಬಿಪಿ ಇರುವವರು ಉಸಿರು ಕಟ್ಟಿ ಎತ್ತಲೇಬೇಡಿ. ಡಾಕ್ಟರನ್ನು ಕೇಳಿಯೇ ಶುರುಮಾಡಿ.) ಇನ್ನೊಂದು ಕಡೆ, ಡಂಬಲ್ ಬಿಗಿಯಾಗಿ ಹಿಡಿದಾಗ ಮಣಿಕಟ್ಟು ಮಡಚಿ ಸ್ನಾಯು ಉಬ್ಬುತ್ತದೆ, ವಾಚ್‌ಗೆ ಬಡಿತವೇ ಸರಿಯಾಗಿ ಸಿಗುವುದಿಲ್ಲ. ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ.

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಕೈಗೆ ಕಟ್ಟುವ 7 ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿದರು. ಎದೆಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಎಣಿಸಿದವು. ಕ್ಯಾಲೊರಿ ವಿಷಯದಲ್ಲಿ ಮಾತ್ರ, ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಸರಾಸರಿ ನೂರಕ್ಕೆ 27ರಷ್ಟು ತಪ್ಪಿತು. ಅದೂ ನಡಿಗೆ, ಓಟ, ಸೈಕಲ್ ತುಳಿಯುವುದರಲ್ಲಿ. ಭಾರ ಎತ್ತುವ ಪರೀಕ್ಷೆ ಅದರಲ್ಲಿ ಇರಲೇ ಇಲ್ಲ.

ಹಾಗಂತ ವೇಟ್ಸ್‌ನಲ್ಲಿ ನಿಜವಾಗಿ ಸಾವಿರಗಟ್ಟಲೆ ಕ್ಯಾಲೊರಿ ಕರಗಿ, ವಾಚ್ ಅದನ್ನು ಬಚ್ಚಿಡುತ್ತಿದೆ ಅಂತ ತಿಳಿಯಬೇಡಿ. ಒಂದು ಲೆಕ್ಕ ಮಾಡೋಣ. 15 ಲೀಟರ್ ನೀರಿನ ಬಿಂದಿಗೆಯನ್ನು ನೆಲದಿಂದ ಸೊಂಟದವರೆಗೆ, ಅಂದರೆ ಒಂದು ಮೀಟರ್, ಎತ್ತುತ್ತೀರಿ. ಹತ್ತು ಸಲ. ಬಿಂದಿಗೆ ಮೇಲೇರಿದ ಕೆಲಸ ಅರ್ಧ ಕ್ಯಾಲೊರಿಗೂ ಕಡಿಮೆ. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಕೆಲಸವಾಗುತ್ತದೆ, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ಅದನ್ನು ಸೇರಿಸಿದರೂ ಎರಡು ಕ್ಯಾಲೊರಿ ದಾಟುವುದಿಲ್ಲ. ನಮ್ಮ ಮೈಯನ್ನೂ ಎತ್ತುತ್ತೇವಲ್ಲ, ಅದಕ್ಕೆ ಇನ್ನೂ ಕೆಲವು ಸೇರಿಸಿಕೊಳ್ಳಿ. ಅಷ್ಟಾಗಿಯೂ ಸಣ್ಣ ಅಂಕಿಯೇ.

ಮತ್ತೆ, ಜಿಮ್‌ನ ಮುಕ್ಕಾಲು ಗಂಟೆಯಲ್ಲಿ ನಾವು ಭಾರ ಎತ್ತುವುದು ಎಷ್ಟು ಹೊತ್ತು? ನನ್ನದು 12 ಸೆಟ್ (ನಿಲ್ಲಿಸದೆ ಎತ್ತುವ ಒಂದು ಸರದಿ ಅಂದರೆ ಒಂದು ಸೆಟ್), ಒಂದೊಂದು 40 ಸೆಕೆಂಡು. ಒಟ್ಟು 8 ನಿಮಿಷ! ಮಿಕ್ಕಿದ್ದೆಲ್ಲ ಸುಧಾರಿಸಿಕೊಳ್ಳುವುದು. 60 ಕೆ.ಜಿ. ತೂಕದವರಿಗೆ ಸಾಧಾರಣ ವೇಟ್ಸ್‌ನ ಮುಕ್ಕಾಲು ಗಂಟೆಗೆ ಸುಮಾರು 160 ಕ್ಯಾಲೊರಿ ಅಂತ ಅಂದಾಜು. ಇದರಲ್ಲಿ 45, ಸುಮ್ನೆ ಕೂತಿದ್ದರೂ ಖರ್ಚಾಗುತ್ತಿತ್ತು. ವಾಚ್‌ನಲ್ಲಿ 'ಟೋಟಲ್' ಬೇರೆ, 'ಆ್ಯಕ್ಟಿವ್' ಬೇರೆ ಇರುತ್ತದೆ. ಮೊದಲನೆಯದರಲ್ಲಿ ಸುಮ್ನೆ ಕೂತಾಗಿನ ಖರ್ಚೂ ಸೇರಿರುತ್ತದೆ, ನೋಡುವುದಾದರೆ ಎರಡನೆಯದನ್ನು ನೋಡಿ. ಅದನ್ನು ನಂಬಿಕೊಂಡು ಇನ್ನೊಂದು ಮಸಾಲೆ ದೋಸೆ ಹೇಳಬೇಡಿ.

ಸ್ನಾಯು ಬೆಳೆದರೆ ಮಲಗಿದ್ದಾಗಲೂ ಕೊಬ್ಬು ಕರಗುತ್ತದೆ ಅಂತಲೂ ಹೇಳುತ್ತಾರೆ. ಒಂದು ಕಿಲೋ ಸ್ನಾಯು ವಿಶ್ರಾಂತಿಯಲ್ಲಿ ದಿನಕ್ಕೆ ಸುಮಾರು 13 ಕ್ಯಾಲೊರಿ ಬಳಸುತ್ತದೆ. ಕಾಲು ಇಡ್ಲಿಯಷ್ಟು.

ಹಾಗಾದರೆ ಯಾಕೆ ಎತ್ತಬೇಕು? ವಯಸ್ಸಾದ ಹಾಗೆ ಸ್ನಾಯು ತಾನಾಗಿಯೇ ಕರಗುತ್ತದೆ. ಕುರ್ಚಿಯಿಂದ ಏಳಲು, ಬಿದ್ದಾಗ ಸಾವರಿಸಿಕೊಳ್ಳಲು, ಮೂಳೆ ಗಟ್ಟಿಯಾಗಿರಲು, ಊಟದ ಸಕ್ಕರೆ ರಕ್ತದಲ್ಲೇ ನಿಲ್ಲದಂತೆ ಎಳೆದುಕೊಳ್ಳಲು ಅದೇ ಸ್ನಾಯು ಬೇಕು. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದಕ್ಕೇ. ಇದ್ಯಾವುದೂ ಕ್ಯಾಲೊರಿ ಅಂಕಿಯಲ್ಲಿ ಕಾಣುವುದಿಲ್ಲ.

ನಮ್ಮ ಮೈಸೂರಿನ ಗರಡಿ ಮನೆಗಳಲ್ಲಿ ಸಾಮು ಮಾಡುವವರನ್ನು ಕೇಳಿ ನೋಡಿ. ಎಷ್ಟು ದಂಡೆ, ಎಷ್ಟು ಬಸ್ಕಿ ಅಂತ ಹೇಳುತ್ತಾರೆ. ಎಣಿಸಬೇಕಾದ್ದು ಅದೇ ಅಂತ ನನಗೀಗ ಗೊತ್ತಾಗಿದೆ. ನಡಿಗೆ ಬಿಟ್ಟಿಲ್ಲ, ಅದು ಬೇರೆ ದಿನ. ವೇಟ್ಸ್ ದಿನ ವಾಚ್ ಬಿಚ್ಚಿ ಬ್ಯಾಗಿನೊಳಗೆ ಹಾಕುತ್ತೇನೆ. ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ತಾರೀಕು, ಯಾವ ವ್ಯಾಯಾಮ, ಎಷ್ಟು ಕೆ.ಜಿ., ಎಷ್ಟು ಸಲ, ಕೊನೆಯದು ಎಷ್ಟು ಕಷ್ಟವಾಯಿತು, ಇಷ್ಟೇ ಬರೆಯುವುದು. ಹತ್ತು ಸಲ ಸಲೀಸಾಗಿ ಆದರೆ ಮುಂದಿನ ವಾರ ಸ್ವಲ್ಪ ತೂಕ ಏರಿಸುತ್ತೇನೆ.

ಮೊದಲ ಪುಟದಲ್ಲಿ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನೆಟ್ಟಗೆ ನಿಲ್ಲುವುದು) 8 ಕೆ.ಜಿ. ಅಂತಿದೆ. ಮೊನ್ನೆ 30 ಕೆ.ಜಿ. ಬರೆದೆ. ಮನೆಗೆ ಬರುವ ತುಂಬಿದ ಗ್ಯಾಸ್ ಸಿಲಿಂಡರ್ ಹೆಚ್ಚುಕಡಿಮೆ ಅಷ್ಟೇ ತೂಕ. ಕಳೆದ ತಿಂಗಳು ಅದನ್ನು ಹೊಸ್ತಿಲು ದಾಟಿಸಿ ಒಳಗಿಟ್ಟವಳು ನಾನೇ. ಮೆಟ್ಟಿಲಿನ ಕಂಬಿ ಹಿಡಿಯುವುದನ್ನು ಬಿಟ್ಟದ್ದು ಯಾವತ್ತು ಅಂತ ನೋಟ್‌ಬುಕ್‌ನಲ್ಲಿ ಬರೆದಿಲ್ಲ. ಅದು ಯಾವಾಗಲೋ ತಾನಾಗಿ ಬಿಟ್ಟುಹೋಗಿತ್ತು.

ನಮಸ್ಕಾರ.